ಬಾಣಂತನಕ್ಕೆ ಹೋದ ಬಂದೂಕು

ನಮಗೆ ಒಂದು ಬಂದೂಕಿದೆ. ಇದೆ ಎಂದ ಮಾತ್ರಕ್ಕೆ ಅದು ಮನೆಯಲ್ಲಿದೆ ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯವರು ಹಾಗೆ ತಿಳಿದದ್ದರಿಂದಲೇ ಒಂದು ದಿನ ನಮ್ಮೂರು ಸಾವಳಗಿಯಿಂದ ಬನಹಟ್ಟಿಯವರೆಗೆ ಪೊಲೀಸ್ ಜೀಪು ಧೂಳೆಬ್ಬಿಸಿಕೊಂಡು ಹೋಗಬೇಕಾಯಿತು.

ಬಂದೂಕು ಜಮಖಂಡಿ ಸಂಸ್ಥಾನದ ಕಾಲದ್ದು. ನಮ್ಮ ಮಾವನವರ ತಂದೆ ಕುರಿಹಿಂಡನ್ನು ತೋಳಗಳಿಂದ ಕಾಯಲು ತಂದದ್ದಂತೆ. ಬಾಯಿಯಿಂದ ಮದ್ದು ತುಂಬಿ, ಸಲಾಕೆಯಿಂದ ಜಡಿದು, ಕೇಪು ಇಟ್ಟು, ಅದನ್ನು ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಹಾರಿಸುವ ಒಂಟಿ ನಳಿಗೆ. ತೋಳಗಳು ಹೋದವು, ಕುರಿಗಳೂ ಹೋದವು, ಹೊಲಕ್ಕೆ ನೀರು ಬಂದು ಕಬ್ಬು ಎದ್ದಿತು; ಪರವಾನಗಿಯಲ್ಲಿ ಕುರಿಯ ಜಾಗಕ್ಕೆ ‘ಬೆಳೆ ರಕ್ಷಣೆ’ ಬಂದು ಕೂತಿತು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅದು ಒಮ್ಮೆಯೂ ಸದ್ದು ಮಾಡಿದ್ದಿಲ್ಲ. ಮಾಡಿಸುವವರಾದರೂ ಯಾರು? ನಮ್ಮ ಮನೆಯವರು ದೀಪಾವಳಿಯ ದಿನ ಓಣಿಯ ಹುಡುಗರು ಕಡ್ಡಿ ಗೀರುವ ಮೊದಲೇ ಕಿವಿಗೆ ಅರಳೆ ತುರುಕಿಕೊಂಡು ದನದ ಕೊಟ್ಟಿಗೆ ಸೇರುತ್ತಾರೆ. ಎತ್ತುಗಳು ಬೆದರುತ್ತವೆ, ಜೊತೆಗೆ ಯಾರಾದರೂ ಬೇಕು ಎನ್ನುತ್ತಾರೆ. ಎತ್ತುಗಳು ಆರಾಮಾಗಿ ಮೆಲುಕು ಹಾಕುತ್ತಿರುತ್ತವೆ.

ಆದರೆ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಅವರು ಬಂದೂಕಿನ ಯಲ್ಲಾಲಿಂಗ. ಒಮ್ಮೆ ನಮ್ಮ ಕಬ್ಬಿನೊಳಗೆ ಕಾಡುಹಂದಿ ನುಗ್ಗಿತ್ತು ಎಂಬುದು ಅವರ ಕಥೆ. ಮೊದಲ ವರ್ಷ ಹಂದಿ ಒಂದೇ ಇತ್ತು. ಆಮೇಲೆ ಅದಕ್ಕೆ ಹೆಂಡತಿ ಬಂತು, ಮರಿಗಳಾದವು, ಬೀಗರು ಬಂದರು. ಕಪ್ಪು ಖಾಲಿಯಾಗುವ ಹೊತ್ತಿಗೆ ಇಡೀ ಹಿಂಡು ಕೃಷ್ಣೆಯ ಹಿನ್ನೀರಿಗೆ ಹಾರಿ ಬೀಳಗಿಯ ಕಡೆ ಈಜಿ ಪಾರಾಗುತ್ತಿತ್ತು. ಕೇಳುವವರಿಗೂ ಇದು ಸುಳ್ಳೆಂದು ಗೊತ್ತಿತ್ತು. ಆದರೂ ಕೇಳುತ್ತಿದ್ದರು, ಅವರು ಹೇಳುವುದೇ ಹಾಗೆ, ಹಂದಿಯ ಮೇಲೂ ಪ್ರೀತಿ ಹುಟ್ಟುವಂತೆ.

ಆ ವರ್ಷ ನಮ್ಮ ಕಡೆ ಬಂದೂಕುಗಳ ಬಗ್ಗೆ ಹೊಸ ಆದೇಶ ಬಂತು. ಬೆಳೆ ಕಾಯುವ ಬಂದೂಕುಗಳೆಲ್ಲ ಇನ್ನು ವರ್ಷವಿಡೀ ಪೊಲೀಸ್ ಠಾಣೆಯಲ್ಲಿರಬೇಕು. ಬೇಕಾದಾಗ ಕೇಳಿ ಒಯ್ಯಬೇಕು. ಬಂದೂಕು ಮಾರುವವರು ಉಕ್ಕಿನ ಬಾಗಿಲಿನ ಕೋಣೆ ಕಟ್ಟಿಸಬೇಕು, ಕ್ಯಾಮೆರಾ ಹಾಕಿಸಬೇಕು, ಠಾಣೆಯ ಒಪ್ಪಿಗೆ ಇಲ್ಲದೆ ಚಿಟಿಕೆ ಮದ್ದೂ ಮಾರಬಾರದು. ಜಮಖಂಡಿಯ ಬಂದೂಕು ವ್ಯಾಪಾರಿ ನೀಲಕಂಠಪ್ಪನವರು ಕೂಡಲೇ ಎಲ್ಲ ಬಂದೂಕುದಾರರಿಗೂ ಫೋನು ಮಾಡಿ ಅಂಗಡಿಗೆ ಕರೆಸಿದರು. ಅಂಗಡಿಯ ಫಲಕದಲ್ಲಿ ಎರಡು ಬಂದೂಕುಗಳು ಅಡ್ಡಡ್ಡ ನಿಂತಿವೆ. ಒಳಗೆ ಹೋದರೆ ಕೊಡೆ, ಬ್ಯಾಟರಿ, ಇಲಿಯ ಬೋನು. ಬಂದೂಕು ಕೇಳಿದರೆ ನೀಲಕಂಠಪ್ಪನವರು ಮೊದಲು ಗಾಬರಿಯಾಗಿ ಆಮೇಲೆ ಕುರ್ಚಿ ಕೊಡುತ್ತಾರೆ.

ಅಲ್ಲಿ ನಡೆದದ್ದನ್ನು ನಮ್ಮ ಮನೆಯವರು ಬಂದು ನನಗೆ ಹೇಳಿದರು. ಮುಂದೆ ನೀಲಕಂಠಪ್ಪನವರ ಬಾಯಲ್ಲಿ ಕೇಳಿದ ಮೇಲೆ ಅದರಲ್ಲಿ ಅರ್ಧ ಕಳೆಯಬೇಕಾಯಿತು. ಉಳಿದರ್ಧ ಹೀಗಿದೆ.

“ಹಂದಿ ಬಂತಂದ್ರ ನಾ ಏನ್ ಮಾಡಬೇಕ್ರಿ?” ಎಂದು ಒಬ್ಬರು ಕೂಗಿದರು. “ಸ್ವಲ್ಪ ನಿಂದರಪ್ಪಾ, ಠಾಣೇಕ ಹೋಗಿ ಬರತೇನಿ ಅಂತ ಅದಕ್ಕ ಹೇಳೂದ?”

“ಅದಕ್ಕೂ ಒಂದ ಕುರ್ಚಿ ಹಾಕಿ ಹೋಗ್ರಿ,” ಎಂದರು ಇನ್ನೊಬ್ಬರು.

ಮುಧೋಳದಿಂದ ಬಂದಿದ್ದ ವಕೀಲ ಹೊಳಬಸಪ್ಪನವರು ಕೈಯೆತ್ತಿ ಸುಮ್ಮನಾಗಿಸಿದರು. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆದಮೇಲೆ ನಮ್ಮ ಕಡೆಯವರಿಗೆ ಕೇಸು ಹಾಕುವುದೆಂದರೆ ನಸುಕಿನ ಬಸ್ಸು ಹತ್ತಿದಷ್ಟೇ ಸಲೀಸಾಗಿತ್ತು. ವಕೀಲರು ಸುತ್ತ ನೋಡಿದರು. ಎಲ್ಲರೂ ಗರಿಗರಿ ಅಂಗಿ, ಬೆರಳಿಗೆ ಉಂಗುರ, ಹೊರಗೆ ನಿಲ್ಲಿಸಿದ ಜೀಪು.

“ನಿಮ್ಮಂಥಾ ಸಾವುಕಾರ್ರನ್ನ ಮುಂದ ನಿಲ್ಲಿಸಿದ್ರ ಕೇಸು ನಿಲ್ಲಂಗಿಲ್ಲರಿ. ಬಡ ರೈತ ಬೇಕು. ನೋಡಿದ ಕೂಡಲೇ ಕರುಳು ಚುರ್ ಅನಬೇಕು.”

ಎಲ್ಲರ ಕಣ್ಣು ಹೋಗಿ ನಮ್ಮ ಮನೆಯವರ ಮೇಲೆ ನಿಂತವು. ಅವರು ಬೋನಿಗೆ ಬೆರಳು ಹಾಕಿ ನೋಡುತ್ತಿದ್ದರು. ಹೆಸರು ಕರೆದದ್ದೇ ತಡ ಬೋನು ಬಿಟ್ಟು ಹಂದಿಗಳನ್ನು ಬಿಚ್ಚಿದರು. ಆ ದಿನದ ಹಿಂಡು ಹಿಂದೆಂದಿಗಿಂತ ದೊಡ್ಡದಿತ್ತಂತೆ.

“ಮತ್ತ ಬಂದೂಕು ಎಲ್ಲಿಟ್ಟಿರತೀರಿ?” ಎಂದು ವಕೀಲರು ಕೇಳಿದರು.

“ಎಲ್ಲಿಡೂದ್ರೀ? ಎದಿಮ್ಯಾಲ! ಹೆಂಡತಿನರ ಬಿಟ್ಟೇನು, ಅದನ್ನ ಬಿಟ್ಟು ಒಂದ ರಾತ್ರಿ ಮಲಗಿಲ್ಲರಿ.”

ವಕೀಲರು ಹೆಂಡತಿಯನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡರು. ‘ಸದರಿ ಬಂದೂಕು ಒಂದು ರಾತ್ರಿಯೂ ಅರ್ಜಿದಾರನ ವಶ ತಪ್ಪಿಲ್ಲ’ ಎಂದು ಪ್ರಮಾಣ ಮಾಡಿ ನಮ್ಮ ಮನೆಯವರು ಸಹಿ ಹಾಕಿದರು. ಒಂದನೇ ನಂಬರಿನ ಅರ್ಜಿದಾರರಾಗಿ, ಜಮಖಂಡಿಯಿಂದ ಪೇಢೆ ಕಟ್ಟಿಸಿಕೊಂಡು ಮನೆಗೆ ಬಂದರು.

ನಮ್ಮ ಅತ್ತೆ ಹೊಳೆವ್ವ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದರು.

“ಯವ್ವಾ, ಹೈಕೋರ್ಟಿಗಿ ನಮ್ಮ ಹೆಸರ ಹೋತು! ಮೊದಲನೇ ಹೆಸರ ನಂದ!”

“ಛಲೋ ಆತು. ಯಾತರ ಸಲುವಾಗಿ?”

“ಬಂದೂಕಿನ ಸಲುವಾಗಿ. ಒಂದ ರಾತ್ರಿನೂ ನನ್ನ ಮಗ್ಗಲ ಬಿಟ್ಟಿಲ್ಲಂತ ಆಣಿ ಮಾಡಿ ಕೊಟ್ಟೇನಿ.”

ಅತ್ತೆಯವರ ಮೊರ ನಿಂತಿತು. “ಯಾವ ಬಂದೂಕೋ ಯಪ್ಪಾ?”

“ಯಾವ ಬಂದೂಕಂದ್ರ? ಅಲ್ಲಿ ಗೂಟಕ್ಕ ಕೌದಿ ಸುತ್ತಿ ತೂಗಬಿಟ್ಟಿಲ್ಲನ?”

“ಅದು ಒನಕಿ.”

ನಮ್ಮ ಮನೆಯವರು ಕೈಯಲ್ಲಿದ್ದ ಪೇಢೆಯನ್ನು ಬಾಯಿಗೆ ಹಾಕಿಕೊಂಡರು.

ಸಂಗತಿ ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ನಮ್ಮ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಕಬ್ಬಿಣ ಇಡುತ್ತೇವೆ. ಗಾಳಿ, ದೃಷ್ಟಿ ಯಾವುದೂ ತಾಯಿ-ಮಗುವಿನ ಹತ್ತಿರ ಸುಳಿಯಬಾರದೆಂದು. ಉಳಿದವರ ಮನೆಯಲ್ಲಿ ಕುಡುಗೋಲು ಇಡುತ್ತಾರೆ. ನಮ್ಮ ಅತ್ತೆ ಮೊದಲ ಹೆರಿಗೆಯಲ್ಲಿ, ಕುಡುಗೋಲು ಹೊಲಕ್ಕೆ ಹೋಗಿತ್ತೆಂದು, ಬಂದೂಕು ಇಟ್ಟುಕೊಂಡರಂತೆ. ಆಗ ಹುಟ್ಟಿದವರೇ ನಮ್ಮ ಮನೆಯವರು. ಕೂಸು ಒಂದು ರಾತ್ರಿಯೂ ಬೆಚ್ಚಲಿಲ್ಲ, ಚೀರಲಿಲ್ಲ. ಓಣಿಯಲ್ಲಿ ಸುದ್ದಿಯಾಯಿತು. ಪಕ್ಕದ ಮನೆಯ ಬಾಣಂತಿ ಕೇಳಿದಳು, ಅವಳ ತಂಗಿ ಕೇಳಿದಳು. ಹಾಗೆ ಆ ಬಂದೂಕು ಕೌದಿಯೊಳಗೆ ಮಲಗಿ, ಸರಕಾರಿ ಬಸ್ಸಿನಲ್ಲಿ ಸೀಟಿನ ಕೆಳಗೆ ಕೂತು, ರಬಕವಿ, ಬನಹಟ್ಟಿ, ಬೀಳಗಿ ಎಲ್ಲ ತಿರುಗಿತು. ನನ್ನ ಮೂರೂ ಮಕ್ಕಳು ಅದರ ಮೇಲೆಯೇ ಮಲಗಿ ದೊಡ್ಡವರಾದವರು. ಚುನಾವಣೆ ಬಂದಾಗ ಮಾತ್ರ ಅದು ಠಾಣೆಗೆ ಹೋಗಿ ಇರಬೇಕಾಗುತ್ತಿತ್ತು. ಆಗ ಅತ್ತೆ ಕೇಳಿ ಬಂದವರಿಗೆಲ್ಲ, “ಈ ತಿಂಗಳ ತಡೀರಿ, ಎಲೆಕ್ಷನ್ ಐತಿ” ಎಂದು ಹೇಳಿ ಕಳಿಸುತ್ತಿದ್ದರು. ತಡೆಯುವುದು ಬಸುರಿಯರ ಕೈಯಲ್ಲಿದೆ ಎಂಬಂತೆ.

“ಹಂಗಾದ್ರ ಮಹಾನವಮಿಗಿ ನಾ ಪೂಜಿ ಮಾಡಿದ್ದು?” ಎಂದು ನಮ್ಮ ಮನೆಯವರು ಪೇಢೆ ನುಂಗಿ ಕೇಳಿದರು.

“ಒನಕಿಗಿ. ಅವಾಗ ಅದು ರಬಕವ್ಯಾಗ ಇತ್ತು.”

“ಈಗ?”

“ಬನಹಟ್ಟ್ಯಾಗ. ನಿನ್ನ ತಂಗಿ ಮಾಯಾನ ಹೊರಸಿನ ಕೆಳಗ. ಎರಡನೇ ಬಾಣಂತನ ಗಂಡನ ಮನ್ಯಾಗ ನಡದೈತಿ. ಮೊನ್ನೆ ಹೋಗಿ ಕೂಸಿನ ನೋಡಿ ಬಂದಿ, ಕೆಳಗ ಬಗ್ಗಿ ನೋಡಬಾರದೇನೋ?”

ಈ ಮಾತು ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಕೋರ್ಟಿನಲ್ಲಿ ಸರಕಾರದ ಕಡೆಯವರು ಒಂದನೇ ಅರ್ಜಿದಾರನ ಬಂದೂಕನ್ನೂ ಹೊಲವನ್ನೂ ನೋಡಿ ವರದಿ ಕೊಡುತ್ತೇವೆ ಎಂದರು. ವಕೀಲರು ಫೋನಿನಲ್ಲಿ ಸಂತೋಷದಿಂದ ಹೇಳಿದರು: “ನಾಳೆ ಮಧ್ಯಾಹ್ನ ಫೌಜದಾರ್ ಸಾಹೇಬ್ರು ಬರತಾರು. ಬಂದೂಕು ಒರಸಿ ಇಡ್ರಿ. ನಮ್ಮ ಕೇಸೆಲ್ಲಾ ಅದರ ಮ್ಯಾಲ ನಿಂತೈತಿ.”

ನಮ್ಮ ಮನೆಯವರು ಬನಹಟ್ಟಿಗೆ ಓಡಿದರು. ಮಾಯಾಳಿಗೆ ಕೊಡಲೆಂದು ಅಂಟಿನುಂಡೆ ಕಟ್ಟಿ ಇಟ್ಟಿದ್ದೆ. ಡಬ್ಬಿ ಹಿಡಿದು ನಾನೂ ಹೊರಟೆ. ಓಣಿಯ ತುಂಬ ಮಗ್ಗಗಳ ಸದ್ದು. ಆ ಸದ್ದಿನೊಳಗೆ ಕೂಸು ಮಾತ್ರ ಮುಷ್ಟಿ ಕಟ್ಟಿಕೊಂಡು ತಣ್ಣಗೆ ಮಲಗಿತ್ತು. ಮಾಯಾಳ ಅತ್ತೆ ರತ್ನಾಬಾಯಿ ಕೋಣೆಯ ಹೊಸ್ತಿಲಿಗೆ ಅಡ್ಡ ಕೂತಿದ್ದರು.

“ಬೀಗತೇರ, ಬಂದೂಕು ಒಂದ ದಿನದ ಮಟ್ಟಿಗೆ ಬೇಕಾಗಿತ್ರಿ,” ಎಂದರು ನಮ್ಮ ಮನೆಯವರು.

“ಹೆಸರಿಡೂ ತನಕ ಅದನ್ನ ಅಳ್ಳಾಡಸಂಗಿಲ್ಲರಿ ಬೀಗರ.”

“ಬದಲಿಗೆ ಕುಡಗೋಲ ತಂದೇನ್ರಿ. ಹೊಸಾದು.”

ರತ್ನಾಬಾಯಿ ಕುಡುಗೋಲನ್ನು ತಿರುವಿ ನೋಡಿ ಮರಳಿ ಕೊಟ್ಟರು. “ಕುಡಗೋಲ ನಮ್ಮನ್ಯಾಗ ಇಲ್ಲನ? ಮಗ್ಗದ ಕಬ್ಬಿಣ ಬೇಕಾದಷ್ಟ ಬಿದ್ದೈತಿ. ಆದ್ರ ನಿಮ್ಮದು ಲೈಸೆನ್ಸ್ ಇರೂ ಕಬ್ಬಿಣ. ಸರಕಾರದ ಶಿಕ್ಕಾ ಐತಿ. ದೆವ್ವ ಆದ್ರೂ ಸರಕಾರಕ್ಕ ಅಂಜಬೇಕಲ್ಲ?”

“ನಾಳೆ ಪೊಲೀಸರು ಬಂದು ನನ್ನ ಎಳಕೊಂಡ ಹೋಗತಾರ್ರೀ!”

“ನಿಮಗ ಹುಷಾರಿ ಇರಲಿ. ಉಂಡ ಹೋಗ್ರಿ.”

ಉಂಡು ಬಂದೆವು. ದಾರಿಯುದ್ದಕ್ಕೂ ನಮ್ಮ ಮನೆಯವರು ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಮರುದಿನ ಜೀಪು ಬಂತು. ಫೌಜದಾರರ ಜೊತೆ ವೈಶಾಲಿ ಎಂಬ ಮಹಿಳಾ ಪೇದೆ. ಹಿಂದೆಯೇ ನೀಲಕಂಠಪ್ಪನವರು, ವಕೀಲರು, ಗರಿಗರಿ ಅಂಗಿಯ ಬಂದೂಕುದಾರರು. ಚಹಾದ ಅಂಗಡಿಯಂತೂ ಬಾಗಿಲು ಹಾಕಿ ನಮ್ಮ ಅಂಗಳಕ್ಕೆ ಬಂದಿತ್ತು. ನಮ್ಮ ಮನೆಯವರು ಹಣೆಗೆ ಭಂಡಾರ ಬಳಿದುಕೊಂಡು, ಕೌದಿಯ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಂದರು.

“ಇದರೀ ಸಾಹೇಬ್ರ.”

“ಬಿಚ್ಚು.”

“ಬಿಚ್ಚೂದಂದ್ರ… ಮನೆತನದ ಪದ್ಧತಿರಿ. ಪೂಜಿ ಮಾಡದ ಬಿಚ್ಚಂಗಿಲ್ಲರಿ.”

“ಪೂಜಿ ಮಾಡು.”

ಇದಕ್ಕೆ ಅವರು ಸಿದ್ಧರಾಗಿರಲಿಲ್ಲ. ಊದಿನಕಡ್ಡಿ ಹಚ್ಚಿದರು, ಕಾಯಿ ಒಡೆದರು, ಸುತ್ತು ಹಾಕಿದರು. ಸುತ್ತು ಮುಗಿಯುವ ಲಕ್ಷಣ ಕಾಣದಿದ್ದಾಗ ಫೌಜದಾರರೇ ಕೌದಿಯ ತುದಿ ಹಿಡಿದು ಎಳೆದರು. ಒನಕೆ ಉರುಳುತ್ತ ಹೋಗಿ ವಕೀಲರ ಬೂಟಿಗೆ ತಾಗಿ ನಿಂತಿತು.

“ಇದರಿಂದ ಹಂದಿ ಹೊಡೀತಿ?” ಎಂದರು ಫೌಜದಾರರು.

“ಹತ್ರ ಬಂದ್ರ ಹೊಡೀಬಹುದ್ರಿ,” ಎಂದು ನಮ್ಮ ಮನೆಯವರು ಸಣ್ಣ ದನಿಯಲ್ಲಿ ಹೇಳಿದರು.

ವಕೀಲರು ಕಣ್ಣು ಮುಚ್ಚಿಕೊಂಡರು. ಆಗ ನಮ್ಮ ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

“ಸಾಹೇಬ್ರ, ಅವಗೇನ್ ಕೇಳತೀರಿ, ಅವಗೇನೂ ಗೊತ್ತಿಲ್ಲ. ಬಂದೂಕು ಬಾಣಂತನಕ್ಕ ಹೋಗೇತ್ರಿ.”

“ಏನಕ್ಕ?”

“ಬಾಣಂತನಕ್ಕ. ಬನಹಟ್ಟಿಗಿ.”

ಫೌಜದಾರರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಕಳುವಾದ ಬಂದೂಕು, ಒತ್ತೆಯಿಟ್ಟ ಬಂದೂಕು ಎಲ್ಲ ಕಂಡಿದ್ದರೇನೋ, ಇದು ಹೊಸದು. ಅವರ ಮುಖದಲ್ಲಿ ನಗು ಬಂದು ಹೋದದ್ದನ್ನು ನಾನು ನೋಡಿದೆ. ಆದರೆ ಮಾತು ಗಟ್ಟಿಯಾಗಿಯೇ ಬಂತು: “ಪರವಾನಗಿ ಇಲ್ಲದವರ ಮನ್ಯಾಗ ಬಂದೂಕು ಇಡೂದಂದ್ರ ಆಟ ಅಲ್ಲವಾ. ಹತ್ತರಿ ಜೀಪು.”

ಜೀಪಿನಲ್ಲಿ ಅತ್ತೆ, ನಾನು, ವೈಶಾಲಿ ಹಿಂದೆ. ನಮ್ಮ ಮನೆಯವರು ನಮ್ಮ ಎದುರಿಗೆ, ಯಾಕೋ ಒನಕೆಯನ್ನು ಹಿಡಿದುಕೊಂಡೇ. ನಮ್ಮ ಹಿಂದೆ ಬಂದೂಕುದಾರರ ಜೀಪುಗಳಲ್ಲಿ ನೀಲಕಂಠಪ್ಪನವರು, ವಕೀಲರು, ಇಡೀ ಚಹಾದ ಅಂಗಡಿ. ಅತ್ತೆ ದಾರಿಯುದ್ದಕ್ಕೂ ವೈಶಾಲಿಗೆ ಮದುವೆಯಾಗಿ ಎಷ್ಟು ದಿನವಾಯಿತು, ಮಕ್ಕಳೆಷ್ಟು ಎಂದು ವಿಚಾರಿಸುತ್ತ ಬಂದರು. ಯಾರು ಯಾರನ್ನು ವಿಚಾರಣೆಗೆ ಒಯ್ಯುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ.

ಬನಹಟ್ಟಿಯಲ್ಲಿ ರತ್ನಾಬಾಯಿ ಹೊಸ್ತಿಲು ಬಿಟ್ಟು ಅಲುಗಲಿಲ್ಲ. “ಗಂಡಸರು ಒಳಗ ಬರಂಗಿಲ್ಲ. ಡಿ.ಸಿ. ಸಾಹೇಬ್ರು ಬಂದ್ರೂ ಅಷ್ಟ.” ವೈಶಾಲಿ ಬೂಟು ಬಿಚ್ಚಿ, ಕಾಲು ತೊಳೆದು ಒಳಗೆ ಹೋದಳು. ಹೊರಗೆ ಓಣಿಯ ಮಗ್ಗಗಳು ಒಂದೊಂದೇ ನಿಂತು ಜನ ಸೇರಿದರು.

“ಐತ್ರಿ ಸರ್,” ಎಂದು ಒಳಗಿನಿಂದ ದನಿ ಬಂತು. “ಪೂರಾ ತುಕ್ಕ ಹಿಡದೈತ್ರಿ. ಕುದರಿ ಏಳವಲ್ಲದು. ನಳಗ್ಯಾಗ ಏನೋ ತುಂಬ್ಯಾರ್ರಿ.”

“ಮದ್ದೇನು? ಹುಷಾರಿ!”

“ಅಜವಾನರಿ ಸರ್. ಮತ್ತ ಬಜಿ, ಬಳ್ಳೊಳ್ಳಿ… ಆಕ್ಷೀ!”

ಸೀನಿನ ಸದ್ದಿಗೆ ಕೂಸು ಎದ್ದು ಅಳತೊಡಗಿತು. ಫೌಜದಾರರು ನೀಲಕಂಠಪ್ಪನವರ ಕಡೆ ತಿರುಗಿದರು. “ನೀವು ಬಂದೂಕಿನ ವ್ಯಾಪಾರಸ್ಥರು. ದೂರದಿಂದ ನೋಡಿ ಹೇಳ್ರಿ, ಇದು ಬಂದೂಕು ಹೌದೋ ಅಲ್ಲೋ?”

ನೀಲಕಂಠಪ್ಪನವರು ಬಾಗಿಲಿನಿಂದ ಕತ್ತು ಚಾಚಿದರು. ಹೌದೆಂದರೆ ಯಲ್ಲಾಲಿಂಗ ಜೈಲಿಗೆ. ಅಲ್ಲವೆಂದರೆ ಒಂದನೇ ಅರ್ಜಿದಾರನೇ ಇಲ್ಲ. “ಬಂದೂಕಿನ ಹಂಗ ಐತ್ರಿ ಸರ್,” ಎಂದರು. “ಆದ್ರ ಹಂಗ ನೋಡಿದ್ರ, ಹಂಗ ಇಲ್ಲರಿ.”

“ಯಲ್ಲಾಲಿಂಗ, ನೀನ ಹೇಳು,” ಎಂದರು ಫೌಜದಾರರು. “ಇದು ಬಂದೂಕಂದ್ರ, ಕೊಟ್ಟ ನಿನ್ನ ಮ್ಯಾಲೂ ಕೇಸು, ಇಟಗೊಂಡ ನಿನ್ನ ತಂಗಿ ಮ್ಯಾಲೂ ಕೇಸು. ಹಳೇ ಕಬ್ಬಿಣ ಅಂದ್ರ ಪರವಾನಗಿ ಇಲ್ಲೇ ಒಪ್ಪಸು, ಕುದರಿ ಬಿಚ್ಚಿ ಕೊಡು, ಮನೀಗಿ ಹೋಗು. ಆದ್ರ ಮತ್ತೊಮ್ಮೆ ಬಂದೂಕು ಸಿಗಂಗಿಲ್ಲ.”

ಒಳಗಿನಿಂದ ಮಾಯಾಳ ದನಿ ಬಂತು. “ಅಣ್ಣಾ, ನನ್ನೂ ಠಾಣೇಕ ಒಯ್ತಾರೇನೋ? ಕೂಸಿನ ಕಟಗೊಂಡ ಹ್ಯಾಂಗ ಹೋಗಲಿ?”

ನಮ್ಮ ಮನೆಯವರು ಸುತ್ತ ನೋಡಿದರು. ಇಡೀ ಚಹಾದ ಅಂಗಡಿ ಅಲ್ಲಿತ್ತು. ಅವರ ಹೆಸರಿನ ಹಿಂದಿದ್ದ ಬಂದೂಕು ಅಲ್ಲಿ ಹೊರಸಿನ ಕೆಳಗಿತ್ತು. ಅಜ್ಜನಿಂದ ಇಡಿಯಾಗಿ ಅವರಿಗೆ ಬಂದದ್ದು ಅದೊಂದೇ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿತ್ತು. ಮೀಸೆಯನ್ನು ಒಮ್ಮೆ ಒತ್ತಿಕೊಂಡರು.

“ಹಳೇ ಕಬ್ಬಿಣರಿ,” ಎಂದರು.

“ಮತ್ತ ಆ ಹಂದಿ?”

“ನಾಯಿ ಓಡಿಸಿತ್ರಿ.”

“ಅಷ್ಟೂ?”

“ಇದ್ದದ್ದ ಒಂದರಿ.” ಮೀಸೆಯಿಂದ ಕೈ ಇಳಿಸಿ, “ಅದೂ ಊರ ಹಂದಿ ಇರಬಹುದ್ರಿ” ಎಂದರು.

ಯಾರೂ ನಗಲಿಲ್ಲ. ನಗಬೇಕೆಂದಿದ್ದ ಚಹಾದ ಅಂಗಡಿಯವನು ಕೆಮ್ಮಿಬಿಟ್ಟ. ವೈಶಾಲಿ ಬಂದೂಕನ್ನು ಹೊಸ್ತಿಲವರೆಗೆ ಸರಿಸಿದಳು. ನೀಲಕಂಠಪ್ಪನವರು ಅಲ್ಲೇ ಕೂತು ಕುದುರೆ ಬಿಚ್ಚಿ, ಕೇಪಿಡುವ ಮೊಳೆ ಕಿತ್ತು, ಮಗ್ಗದವರ ಬೈರಿಗೆ ಇಸಿದುಕೊಂಡು ನಳಿಗೆಗೆ ತೂತು ಕೊರೆದು ಕೊಟ್ಟರು. ಬಂದೂಕಿಗೆ ಅದು ಆಗಷ್ಟೇ ತಿಳಿದಂತೆ ಒಂದು ಹಿಡಿ ಅಜವಾನ ಉದುರಿತು. ನಾನು ನಮ್ಮ ಮನೆಯವರ ಮುಖ ನೋಡಲಿಲ್ಲ. ನೋಡಿದರೆ ಅವರಿಗೆ ಕಷ್ಟವಾಗುತ್ತಿತ್ತು.

ಎಲ್ಲ ಮುಗಿಯಿತು, ಬಂದೂಕನ್ನು ಹೊರಸಿನ ಕೆಳಗೆ ಮರಳಿ ಇಡೋಣ ಎಂದರೆ ರತ್ನಾಬಾಯಿ ಕಾಲು ಅಡ್ಡ ಇಟ್ಟರು.

“ಲೈಸೆನ್ಸ್ ಹೋತಲ್ಲ? ಇನ್ನ ಅದಕ್ಕೂ ಕುಡಗೋಲಿಗೂ ಏನ್ ಫರಕ? ನಮಗ ಬ್ಯಾಡ.”

“ಬೀಗತೇರ!” ಎಂದು ನಮ್ಮ ಮನೆಯವರು ಕೂಗಿಯೇ ಬಿಟ್ಟರು. ನಿನ್ನೆಯಿಂದ ಅವರು ಏರಿಸಿದ ಮೊದಲ ದನಿ ಅದು.

“ಸರಕಾರದ ಶಿಕ್ಕಾ ಇರಬೇಕು. ಸಾಹೇಬ್ರ, ಲೈಸೆನ್ಸ್ ನೀವ ತಗೊಂಡ ಹೋಗಾಕತ್ತೀರಿ, ನೀವ ಏನರ ಕೊಟ್ಟ ಹೋಗ್ರಿ.” ಕೂಸು ಇನ್ನೂ ಅಳುತ್ತಿತ್ತು. ಫೌಜದಾರರು ಕೂಸಿನ ಅಳು ಕೇಳಿದರು, ರತ್ನಾಬಾಯಿಯ ಮುಖ ನೋಡಿದರು, ಡ್ರೈವರನ ಕಡೆ ನೋಡಿದರು. ಡ್ರೈವರ್ ಹೋಗಿ ಜೀಪಿನಿಂದ ಗಾಲಿ ಬಿಚ್ಚುವ ಪಾನಾ ತಂದ. ಅದರ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ನಂಬರು ಬರೆದಿತ್ತು. ರತ್ನಾಬಾಯಿ ಅದನ್ನು ಬೆರಳಿನಿಂದ ತಿಕ್ಕಿ ನೋಡಿದರು. ಬಣ್ಣ ಹೋಗಲಿಲ್ಲ. ತಲೆಯಾಡಿಸಿ ಒಳಗೆ ಒಯ್ದರು.

ಸ್ವಲ್ಪ ಹೊತ್ತಿಗೆ ಕೂಸು ಸುಮ್ಮನಾಯಿತು. ಮಾಯಾ ಹಾಲು ಕುಡಿಸಿದಳೆಂದು ನನ್ನ ಅಂದಾಜು. ರತ್ನಾಬಾಯಿ ಪಾನಾ ಎಂದರು. ಬೇಡವಾದ ಬಂದೂಕು ನಮ್ಮ ಜೊತೆ ಜೀಪು ಹತ್ತಿ ತಿರುಗಿ ನಮ್ಮ ಗೂಟಕ್ಕೆ ಬಂತು. ಮರಳುವಾಗ ಜೀಪು ಪಂಕ್ಚರ್ ಆಗದಿರಲಿ ಎಂದು ಡ್ರೈವರ್ ಜಮಖಂಡಿಯವರೆಗೂ ದೇವರ ಹೆಸರು ಹೇಳುತ್ತಿದ್ದ.

ಕೇಸು ಒಂದನೇ ಅರ್ಜಿದಾರನಿಲ್ಲದೆಯೇ ನಡೆಯಿತು. ಎಲ್ಲರ ಬಂದೂಕನ್ನೂ ಒಟ್ಟಿಗೆ ಕಟ್ಟಿ ಠಾಣೆಗೆ ಹಾಕುವಂತಿಲ್ಲ, ಒಬ್ಬೊಬ್ಬರ ಅಗತ್ಯ ಕೇಳಿ ತೀರ್ಮಾನಿಸಿ ಎಂದು ತೀರ್ಪು ಬಂತು. ವಿಚಾರಣೆಯಲ್ಲಿ ಗರಿಗರಿ ಅಂಗಿಯವರೆಲ್ಲ ಹಂದಿಯ ಹೆಸರನ್ನೇ ಹೇಳಿದರಂತೆ. ಕೂಡಿಸಿ ನೋಡಿದರೆ ತಾಲ್ಲೂಕಿನಲ್ಲಿ ಮನುಷ್ಯರು ಕಡಿಮೆ ಬಿದ್ದರು. ನೀಲಕಂಠಪ್ಪನವರ ಫಲಕ ಇನ್ನೂ ಇದೆ. ಅಂದು ಬೆರಳು ಹಾಕಿ ನೋಡಿದ ಬೋನನ್ನು ಅವರು ನಮ್ಮ ಮನೆಯವರಿಗೆ ಪ್ರೀತಿಯಿಂದ ಕೊಟ್ಟುಬಿಟ್ಟರು.

ನಮ್ಮ ಮನೆಯವರು ಕೆಲವು ದಿನ ಚಹಾದ ಅಂಗಡಿಯ ಕಡೆ ಹೋಗಲಿಲ್ಲ. ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಹತ್ತಿರ ಬಂದು ಕೂರುತ್ತಿದ್ದರು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರೆ ತಿನ್ನುತ್ತಿದ್ದರು. ಆಮೇಲೆ ಚಹಾದ ಅಂಗಡಿಯವನೇ ಮನೆಗೆ ಬಂದು, “ಯಣ್ಣಾ, ಹಂದಿ ಇಲ್ಲದ ವ್ಯಾಪಾರ ಆಗವಲ್ಲದು” ಎಂದು ಕರೆದೊಯ್ದ.

ಶ್ರಾವಣದಲ್ಲಿ ಒಂದು ದಿನ ವೈಶಾಲಿ ಬಂದಳು. ಖಾಕಿ ಇಲ್ಲ, ಹಸಿರು ಸೀರೆ. ಏಳು ತಿಂಗಳೋ ಎಂಟೋ ಇರಬೇಕು, ಮೆಟ್ಟಿಲು ಹತ್ತಲು ಗೋಡೆ ಹಿಡಿದಳು. ನೀರು ಕೊಟ್ಟು ಕೂರಿಸಿದೆ. ಅವಳು ನಮ್ಮ ಮನೆಯವರ ಕಡೆ ನೋಡಿ ಸಂಕೋಚಪಟ್ಟಳು.

“ಅಣ್ಣಾರ, ಅವತ್ತಿನ ಆ ಹಳೇ ಕಬ್ಬಿಣ ಐತೇನ್ರಿ? ನಮ್ಮತ್ತಿ ಅದನ್ನ ತಗೊಂಡ ಬಾ ಅಂದಾರು. ಹೈಕೋರ್ಟಿನ ತನಕ ಹೋಗಿ ಬಂದ ಕಬ್ಬಿಣ ಅಂತ ನಮ್ಮ ಕಡೆ ಭಾಳ ಹೆಸರಾಗೇತ್ರಿ.”

ನಮ್ಮ ಮನೆಯವರು ಎದ್ದು ನಿಂತರು. ಎಷ್ಟೋ ದಿನಗಳ ಮೇಲೆ ಅವರ ಕೈ ಮೀಸೆಗೆ ಹೋದದ್ದನ್ನು ನೋಡಿದೆ. “ಹಳೇ ಕಬ್ಬಿಣ ಅನಬ್ಯಾಡವಾ ತಂಗಿ,” ಎಂದರು, “ಬಂದೂಕ ಅನ್ನು.” ಒಳಗೆ ಹೋಗಿ ಗೂಟದಿಂದ ಕೌದಿಯ ಗಂಟನ್ನು ಇಳಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಅವಳ ಮುಂದೆ ಮೆಲ್ಲಗೆ ಬಿಚ್ಚಿದರು.

ಒನಕೆ.

“ಅದು ಬೀಳಗಿಗಿ ಹೋಗೇತೋ ಯಪ್ಪಾ,” ಎಂದರು ಅತ್ತೆ, ಜೋಳ ಕೇರುತ್ತಲೇ. “ತಂಗೀ, ದಿನಾ ಯಾವಾಗ ಹೇಳು. ಅಷ್ಟರಾಗ ತರಸಿ ಇಡತೇನಿ.”

ನಮ್ಮ ಮನೆಯವರು ಒನಕೆಯನ್ನು ಕೌದಿಯಲ್ಲಿ ಅಷ್ಟೇ ಜೋಪಾನವಾಗಿ ಸುತ್ತಿ, ಒಳಗೆ ಒಯ್ದು, ಗೂಟಕ್ಕೆ ಏರಿಸಿ, ಕೈ ಮುಗಿದರು.